ಗುಣವನ್ನೂ ಜನಾದರವನ್ನೂ ಅಳೆಯುವ ಆಂಗ್ಲ ಶಬ್ದಗಳು

ಆಂಗ್ಲ ಭಾಷೆಯಲ್ಲಿ ತಾರತಮ್ಯವನ್ನು ಸೂಚಿಸುವ ಹಲವು ಶಬ್ದಗಳು ಎಣಿಕೆಯಿಂದ ಹುಟ್ಟಿದವು. 'ಸ್ಕೋರ್' ಎಂಬುದಕ್ಕೆ ಪ್ರಾಚೀನ ನಾರ್ಸ್ ಭಾಷೆಯಲ್ಲಿ ಕಚ್ಚು ಎಂದರ್ಥ. ಲೆಕ್ಕವನ್ನು ಕೋಲಿನ ಮೇಲೆ ಕಚ್ಚುಹಾಕಿ ಇಡುತ್ತಿದ್ದರು. ಇಂಗ್ಲೆಂಡಿನ ಬೊಕ್ಕಸದವರು ಶತಮಾನಗಳ ಕಾಲ ಬಳಸಿದ ಇಂತಹ ಕೋಲುಗಳನ್ನು 1834ರಲ್ಲಿ ಸುಡಿಸಲು ಹೋಗಿ ಪಾರ್ಲಿಮೆಂಟಿನ ಅರಮನೆಯ ಬಹುಭಾಗವೇ ಬೆಂದುಹೋಯಿತು! ನಮ್ಮ 'ಅಂಕ'ವೂ ಮೊದಲು ಗುರುತು, ಅನಂತರ ಸಂಖ್ಯೆ. ಆದುದರಿಂದ 'ಸ್ಕೋರ್' ಶಬ್ದಕ್ಕೆ ಅದು ಸಹಜವಾಗಿ ಒಪ್ಪುವುದು. 'ಪೋಲ್' ಎಂದರೆ ಮೂಲತಃ ತಲೆ; ತಲೆಯೆಣಿಕೆಯೇ ಮತಗಣನೆಯಾಯಿತು.

ತೊಡಕಿರುವುದು 'ರೇಟಿಂಗ್' ಎಂಬಲ್ಲಿ. ಇದರ ಮೂಲವಾದ ಲ್ಯಾಟಿನ್ 'ರಾಟ' ಶಬ್ದಕ್ಕೆ ಲೆಕ್ಕಹಾಕಿದ ಪಾಲು ಎಂದರ್ಥ. ಚಲನಚಿತ್ರಕ್ಕೆ ವಿಮರ್ಶಕನು ಕೊಡುವ ತಾರೆಗಳೂ ರೇಟಿಂಗ್. ದೂರದರ್ಶನದ ಕಾರ್ಯಕ್ರಮವನ್ನು ಎಷ್ಟು ಮನೆಗಳಲ್ಲಿ ನೋಡಿದರೆಂಬ ಲೆಕ್ಕವೂ ರೇಟಿಂಗ್. ಮೊದಲನೆಯದು ಪರೀಕ್ಷೆಯ ಫಲ, ಎರಡನೆಯದು ಬರಿಯ ತಲೆಯೆಣಿಕೆ. ಎರಡನ್ನೂ 'ಮೌಲ್ಯಾಂಕನ'ವೆಂದು ಭಾಷಾಂತರಿಸುವುದು ಸಾಧುವಲ್ಲ; ಬಹುಜನರು ನೋಡಿದುದೇ ಉತ್ತಮವೆಂದು ಓದುಗನು ಭ್ರಮಿಸುವನು. ಮೊದಲನೆಯದನ್ನು 'ಗುಣಾಂಕ'ವೆನ್ನೋಣವೆಂದರೆ ಗಣಿತಜ್ಞರು ಆ ಶಬ್ದವನ್ನು ಆಗಲೇ ಬೇರೊಂದರ್ಥಕ್ಕೆ ಗೊತ್ತುಮಾಡಿಕೊಂಡಿದ್ದಾರೆ. ವಿಮರ್ಶಕನ ತೀರ್ಪಿಗೆ 'ಗುಣನಿರ್ಣಯ'ವೆಂದೂ ಮನೆಗಳ ಲೆಕ್ಕಕ್ಕೆ 'ವೀಕ್ಷಕಪ್ರಮಾಣ'ವೆಂದೂ ಬೇರೆಬೇರೆಯಾಗಿ ಬರೆಯುವುದು ಯುಕ್ತ.