ಬಿಳಿ ಹೊಗೆ ಹೇಳಿದ್ದು

ಡೀಸೆಲ್ ಇಂಜಿನ್‌ನಲ್ಲಿ ಕಿಡಿ ಇರುವುದಿಲ್ಲ. ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಆಯಿಲ್ ಉರಿದರೆ ಹೊಗೆ ನೀಲಿ, ಗಾಳಿ ಸಾಲದಿದ್ದರೆ ಕಪ್ಪು. ಬಿಳಿಯಾದರೆ ಉರಿಯದ ಡೀಸೆಲ್, ಇಲ್ಲವೇ ಕೂಲಂಟ್ ಆವಿ. ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿಯುತ್ತಿರುವ ನನಗೆ ಇದು ಪಾಠವಷ್ಟೇ ಆಗಿತ್ತು, ಸಕಲೇಶಪುರದ ಚಳಿಯಲ್ಲಿ ಅಪ್ಪನ ಹಳೇ ಲಾರಿ ಬೀದಿ ತುಂಬ ಬಿಳಿ ಹೊಗೆ ಉಗುಳುವವರೆಗೆ.

‘ಬೋರ್ ಹೋಗಿದೆ, ಇಂಜಿನ್ ಇಳಿಸಬೇಕು’ ಎಂದರು ಗ್ಯಾರೇಜಿನವರು. ಅಂದರೆ ಸಾಲ. ಅಪ್ಪ ಅಮ್ಮನ ಬಳೆ ನೋಡತೊಡಗಿದ್ದರು.

ರೇಡಿಯೇಟರ್ ನೀರು ಇಳಿದಿರಲಿಲ್ಲ. ಹೊಗೆಯಲ್ಲಿ ಡೀಸೆಲ್ ವಾಸನೆ, ಕಣ್ಣುರಿ. ಇಂಜಿನ್ ಓಡುತ್ತಿರುವಾಗಲೇ ನಾಜಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿದೆ. (ಕೈ, ಮುಖ ದೂರವಿರಲಿ, ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ.) ಬೇರೆಯವಕ್ಕೆ ಇಂಜಿನ್ ತಡವರಿಸಿತು. ಮೂರನೆಯದಕ್ಕೆ ಸದ್ದು ಬದಲಾಗಲೇ ಇಲ್ಲ, ಹೊಗೆ ಮಾತ್ರ ಕಡಿಮೆಯಾಯಿತು.

“ಇದೇ ನೋಡಪ್ಪ ಕಳ್ಳ” ಎಂದೆ.

ಪಂಪ್ ಅಂಗಡಿಯ ಟೆಸ್ಟರ್‌ನಲ್ಲಿ ಆ ನಾಜಲ್ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿತ್ತು. ಬದಲಿಸಿದೆವು. ಈಗ ಉಳಿದ ನಾಜಲ್‌ಗಳನ್ನೂ ಪರೀಕ್ಷಿಸೋಣ ಎನ್ನುತ್ತಿದ್ದೇನೆ. ‘ಕಾಫಿ ಮೂಟೆಯ ಬಾಡಿಗೆ ಮುಗೀಲಿ ತಡಿಯೇ’ ಅನ್ನುತ್ತಿದ್ದಾರೆ ಅಪ್ಪ.