ಹೆಡ್‌ಲೈಟಿನ ದಾರಿಯಲ್ಲಿ ಸೋರಿಹೋಗುವ ವೋಲ್ಟೇಜ್

ಮೋಟರ್‌ಸೈಕಲ್ಲಿನ ಹೆಡ್‌ಲೈಟ್ ಮಂಕಾದಾಗ ಮೊದಲ ಸಂಶಯ ಬೀಳುವುದು ಬಲ್ಬಿನ ಮೇಲೆ. ಆದರೆ ಬಲ್ಬಿನೊಳಗಿನ ತಂತು, ಅಂದರೆ ಕಾದು ಬೆಳಗುವ ಟಂಗ್‌ಸ್ಟನ್ ಎಳೆ, ಕೆಟ್ಟಾಗ ಸಾಮಾನ್ಯವಾಗಿ ತುಂಡಾಗಿಬಿಡುವುದರಿಂದ, ತಿಂಗಳುಗಟ್ಟಲೆ ಕುಂದುತ್ತಾ ಬಂದ ಬೆಳಕಿನ ಕಾರಣವನ್ನು, ಬಲ್ಬಿನ ಹಿಂದಿನ ಪ್ರತಿಫಲಕದ ಹೊಳಪು ಮಾಸಿಲ್ಲವಾದರೆ, ವಿದ್ಯುತ್ತು ಬಲ್ಬಿಗೆ ಹೋಗಿ ಮರಳುವ ದಾರಿಯಲ್ಲಿಯೇ ಹುಡುಕಬೇಕಾಗುತ್ತದೆ.

ಫ್ಯೂಸ್, ಇಗ್ನಿಷನ್ ಸ್ವಿಚ್, ಡಿಪ್ಪರ್ ಸ್ವಿಚ್, ಕಪ್ಲರ್‌ಗಳೆಂಬ ಪ್ಲಾಸ್ಟಿಕ್ ಜೋಡಣೆಗಳು, ಬಲ್ಬಿನ ಹೋಲ್ಡರ್ ಎಲ್ಲವೂ ಈ ದಾರಿಯಲ್ಲಿವೆ. ಇಂಥ ಜೋಡಣೆಯಲ್ಲಿ ಎರಡು ಲೋಹಗಳು ಪೂರ್ತಿ ಒತ್ತಿಕೊಂಡಂತೆ ಕಂಡರೂ ನಿಜವಾಗಿ ತಾಗುವುದು ಮೇಲ್ಮೈಯ ಸೂಕ್ಷ್ಮ ಉಬ್ಬುಗಳು ಮಾತ್ರ. ನೀರು ಸೇರಿ ಕಿಲುಬು ಹಿಡಿದಾಗ ಆ ಬಿಂದುಗಳೂ ಕಡಿಮೆಯಾಗಿ ಪ್ರತಿರೋಧ, ಅಂದರೆ ವಿದ್ಯುತ್ ಹರಿವಿಗೆ ಒದಗುವ ಅಡ್ಡಿ, ಹೆಚ್ಚುತ್ತದೆ. 12 ವೋಲ್ಟಿನ 60 ವ್ಯಾಟ್ ಬಲ್ಬ್ 5 ಆಂಪಿಯರ್ ಎಳೆಯುವುದರಿಂದ, ಕೇವಲ 0.2 ಓಮ್ ಪ್ರತಿರೋಧವೂ ಸುಮಾರು 1 ವೋಲ್ಟನ್ನು ನಡುದಾರಿಯಲ್ಲೇ ನುಂಗಿಬಿಡುತ್ತದೆ. ತಂತುವಿನ ಬೆಳಕು ವೋಲ್ಟೇಜಿನ ಮೂರನೆಯ ಘಾತಕ್ಕಿಂತಲೂ ತುಸು ವೇಗವಾಗಿ ಇಳಿಯುವ ಕಾರಣ, ಈ ಒಂದು ವೋಲ್ಟಿನ ನಷ್ಟಕ್ಕೆ ಕಾಲು ಭಾಗದಷ್ಟು ಬೆಳಕು ಹೋಗುತ್ತದೆ. ಇತ್ತ ಜೋಡಣೆಯಲ್ಲಿ ನಾಲ್ಕೈದು ವ್ಯಾಟ್ ಶಾಖ ಹುಟ್ಟಿ, ಪ್ಲಾಸ್ಟಿಕ್ ಕಂದಿ, ಹಿಡಿತ ಸಡಿಲಾಗಿ, ಪ್ರತಿರೋಧ ಮತ್ತಷ್ಟು ಏರುತ್ತದೆ.

ತಂತಿ ತುಂಡಾಗಿದೆಯೇ ಎಂದು ಮಲ್ಟಿಮೀಟರಿನ ಬೀಪ್ ಸದ್ದಿನಿಂದ ನೋಡುವ ರೂಢಿ ಇಲ್ಲಿ ದಾರಿ ತಪ್ಪಿಸುತ್ತದೆ, ಏಕೆಂದರೆ ಆ ಪರೀಕ್ಷೆಗೆ ಮೀಟರ್ ಹರಿಸುವ ಅತ್ಯಲ್ಪ ಪ್ರವಾಹಕ್ಕೆ ಉಳಿದಿರುವ ಒಂದೇ ತಾಮ್ರದ ಎಳೆಯೂ ಸಾಕು. ಆದ್ದರಿಂದ ಲೈಟನ್ನು ಉರಿಸಿಯೇ ಅಳೆಯಬೇಕು: ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧನ ತುದಿಗೂ ಇನ್ನೊಂದನ್ನು ಬಲ್ಬಿನ ಧನ ತುದಿಗೂ ಹಿಡಿದರೆ ತೋರುವ ವೋಲ್ಟೇಜೇ ಆ ದಾರಿಯ ನಷ್ಟ, ಅದು ಅರ್ಧ ವೋಲ್ಟನ್ನು ಮೀರಿದ್ದರೆ ಬಲ್ಬಿನ ಕಡೆಯ ಕಡ್ಡಿಯನ್ನು ಒಂದೊಂದೇ ಜೋಡಣೆ ಹಿಂದಕ್ಕೆ ಸರಿಸುತ್ತಾ ಹೋದಾಗ ಅಂಕಿ ಎಲ್ಲಿ ಒಮ್ಮೆಲೇ ಇಳಿಯುತ್ತದೆಯೋ ಅಲ್ಲಿಯೇ ದೋಷವಿರುತ್ತದೆ. ಬ್ಯಾಟರಿಯ ಬದಲು, ಎಂಜಿನ್ ತಿರುಗಿದಂತೆ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟೊ ಸುರುಳಿಯಿಂದಲೇ ಹೆಡ್‌ಲೈಟ್ ಉರಿಯುವ ಸಣ್ಣ ಬೈಕುಗಳಿಗೆ ಈ ಅಳತೆ ಹೊಂದದು; ಅವುಗಳಲ್ಲಿ ಎಂಜಿನ್ನಿನ ವೇಗದೊಂದಿಗೆ ಬೆಳಕು ಏರಿಳಿಯುವುದು ಸಹಜ.

ಬಲ್ಬಿನಿಂದ ಮರಳುವ ಅರ್ತ್ ದಾರಿಯನ್ನು ಮೆಕ್ಯಾನಿಕ್‌ಗಳೂ ಮರೆಯುವುದುಂಟು. ಡಿಮ್ ಮತ್ತು ಹೈಬೀಮ್ ತಂತುಗಳೆರಡಕ್ಕೂ ಅರ್ತ್ ಒಂದೇ ಆಗಿರುವ ಬಲ್ಬಿನಲ್ಲಿ ಅದು ಕಡಿದರೆ, ಡಿಮ್ ತಂತುವಿನಿಂದ ಹೊರಟ ಪ್ರವಾಹ ಹೈಬೀಮ್ ತಂತುವಿನ ಮೂಲಕ ಹಿಮ್ಮುಖವಾಗಿ ಹರಿದು, ಮೀಟರ್ ಫಲಕದ ಹೈಬೀಮ್ ಸೂಚಕ ದೀಪದ ಮೂಲಕ ನೆಲೆ ಸೇರುತ್ತದೆ. ಡಿಮ್‌ನಲ್ಲಿರುವಾಗಲೇ ಆ ಸೂಚಕ ಮಿನುಗುವ ವಿಚಿತ್ರಕ್ಕೆ ಕಾರಣ ಇದೇ. ಹ್ಯಾಂಡಲ್ ತಿರುಗಿಸಿದಾಗ ಬೆಳಕು ಹೋಗಿ ಬಂದರೆ ಮಾತ್ರ ಶೋಧ ಸುಲಭ: ಮತ್ತೆ ಮತ್ತೆ ಬಾಗಿದ ತಾಮ್ರದ ಎಳೆಗಳು ಹೊರಕವಚದೊಳಗೇ ಮುರಿದಿರುತ್ತವೆ.

ಮಂಕು ಬೆಳಕಿಗೆ ಹೆಚ್ಚು ವ್ಯಾಟಿನ ಬಲ್ಬ್ ಹಾಕುವುದು ತೀರ ಕೆಟ್ಟ ಪರಿಹಾರ. ಪ್ರವಾಹ ಹೆಚ್ಚಿದಷ್ಟೂ ದಾರಿಯ ನಷ್ಟ ಹೆಚ್ಚಿ, ಸ್ವಿಚ್ಚೂ ಸುಡುತ್ತದೆ. ಜೋಡಣೆಗಳನ್ನು ಶುಚಿಗೊಳಿಸಿದ ಮೇಲೂ ಕೊರತೆ ಉಳಿದರೆ ರಿಲೇ ಅಳವಡಿಸಬಹುದು. ಸಣ್ಣ ಪ್ರವಾಹದಿಂದ ದೊಡ್ಡ ಪ್ರವಾಹವನ್ನು ನಿಯಂತ್ರಿಸುವ ಈ ವಿದ್ಯುತ್ಕಾಂತೀಯ ಸ್ವಿಚ್, ಫ್ಯೂಸಿನ ಮೂಲಕ ಬ್ಯಾಟರಿಯಿಂದ ನೇರವಾಗಿ ಬಲ್ಬಿಗೆ ವಿದ್ಯುತ್ ಒದಗಿಸುತ್ತದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಂದ ಜಾವಾ ಬೈಕುಗಳನ್ನು ಇಂದಿಗೂ ಓಡಿಸುವವರಿಗೆ ಈ ಲೆಕ್ಕ ಇನ್ನಷ್ಟು ಕಠಿಣ. ಅವುಗಳ 6 ವೋಲ್ಟ್ ವ್ಯವಸ್ಥೆಯಲ್ಲಿ ಅಷ್ಟೇ ವ್ಯಾಟಿಗೆ ಎರಡು ಪಟ್ಟು ಪ್ರವಾಹ ಬೇಕಾಗುವುದರಿಂದ, ಅದೇ ಕಿಲುಬು 12 ವೋಲ್ಟಿನ ಬೈಕಿನಲ್ಲಿ ಕಸಿಯುವ ಪಾಲಿನ ಸುಮಾರು ನಾಲ್ಕು ಪಟ್ಟನ್ನು ಇಲ್ಲಿ ಕಸಿಯುತ್ತದೆ.