ಊರಲ್ಲಿ ಕಳೆದುಹೋದ ‘ಉ’

‘ಊರು’, ‘ಅಲ್ಲಿ’.
ಎರಡನ್ನೂ ಕೂಡಿಸಿ ಹೇಳಿ ನೋಡಿ.
‘ಊರಲ್ಲಿ’ ಆಯಿತಲ್ಲ?
ನಡುವಿದ್ದ ‘ಉ’ ಎಲ್ಲಿಗೆ ಹೋಯಿತು?

ಚಿಮ್ಮಡ ಊರಿನ ಮಕ್ಕಳು ದಿನಾ ಹೀಗೇ ಮಾತಾಡುತ್ತಾರೆ.
ಶಾಲೆಯಲ್ಲಿ ಅದಕ್ಕೊಂದು ಹೆಸರು ಸಿಗುತ್ತದೆ: ಲೋಪಸಂಧಿ.
ಹೆಸರು ಕೇಳಿದರೆ ಭಯ. ಕೆಲಸ ಮಾತ್ರ ಅವರ ನಾಲಿಗೆಗೆ ಆಗಲೇ ಗೊತ್ತು!

ರಬಕವಿ-ಬನಹಟ್ಟಿಯ ಮಗ್ಗ ನೋಡಿ.
ಹಳೆಯ ಎಳೆ ಮುಗಿಯುವಲ್ಲಿ ನೇಕಾರರು ಹೊಸ ಎಳೆ ಕೂಡಿಸುತ್ತಾರೆ.
ಗಂಟು ದಪ್ಪವಾದರೆ ಸಿಕ್ಕಿಕೊಳ್ಳುತ್ತದೆ.
ನಯವಾಗಿದ್ದರೆ ಸಲೀಸಾಗಿ ಸಾಗುತ್ತದೆ.
ಸಂಧಿಯೂ ಅಷ್ಟೇ. ಮಾತು ತಡವರಿಸದಂತೆ ಎರಡು ತುದಿ ಕೂಡಿಸುವ ಕೆಲಸ.

ಒಮ್ಮೊಮ್ಮೆ ಅಕ್ಷರ ಬಿಡಬೇಕು, ಒಮ್ಮೊಮ್ಮೆ ಸೇರಿಸಬೇಕು, ಒಮ್ಮೊಮ್ಮೆ ಬದಲಿಸಬೇಕು.
ಮನೆ, ಅಲ್ಲಿ: ‘ಮನೆಯಲ್ಲಿ’. ‘ಯ್’ ಹೊಸದಾಗಿ ಬಂತು. ಅದು ಆಗಮ.
ಮಳೆ, ಕಾಲ: ‘ಮಳೆಗಾಲ’. ‘ಕ’ ಹೋಗಿ ‘ಗ’ ಬಂತು. ಅದು ಆದೇಶ.

ಈ ಸಂಧಿಗಳಿಗೆ 13ನೇ ಶತಮಾನದಲ್ಲೇ ವ್ಯಾಕರಣಕಾರ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರ ಕಟ್ಟಿಟ್ಟ.
ಅವನಿಗೂ ಸುಮಾರು 300 ವರ್ಷ ಮೊದಲು, ಇದೇ ಸೀಮೆಯ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದವನು ಕವಿ ರನ್ನ.
ಅವನ ‘ಗದಾಯುದ್ಧ’ದ ಹೆಸರನ್ನೇ ಬಿಡಿಸಿ.
ಗದೆಯಿಂದ ಯುದ್ಧ. ಹೀಗೆ ಅರ್ಥಕ್ಕೆ ತಕ್ಕಂತೆ ಪದಗಳು ಕೂಡಿ ಒಂದೇ ಪದವಾಗುವುದು ಸಮಾಸ; ಇದು ತತ್ಪುರುಷ ಸಮಾಸ!

ಉದಾಹರಣೆ ಕೊಡದೆ ಬರೀ ವ್ಯಾಖ್ಯೆಯನ್ನೇ ಬಾಯಿಪಾಠ ಮಾಡಿಸಿದರೆ, ಪರೀಕ್ಷೆ ಮುಗಿದ ಮರುದಿನ ಅದು ಮರೆತುಹೋಗುತ್ತದೆ.
ಮಕ್ಕಳು ಆಡುವ ಮಾತಿನಿಂದಲೇ ಶುರು ಮಾಡಬೇಕು.

ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮಕ್ಕಳನ್ನು ಕೇಳಿ:
‘ಹೊಸಗನ್ನಡ’ದಲ್ಲಿ ಆ ‘ಗ’ ಎಲ್ಲಿಂದ ಬಂತು?